ಬೈಗುಳದ ಕಣದಲ್ಲಿ ನಗೆಯೇ ತೀರ್ಪುಗಾರ

(ಉಪನ್ಯಾಸದ ಬರಹರೂಪ)



ಒಬ್ಬನನ್ನು ನೂರಾರು ಜನರ ಎದುರು ನಿಲ್ಲಿಸಿ, ಅವನ ಬಟ್ಟೆ, ಮೈಕಟ್ಟು, ಮನೆತನ, ಬಡತನ ಯಾವುದನ್ನೂ ಬಿಡದೆ ಹೀಯಾಳಿಸಿದರೆ ಏನಾಗಬೇಕು? ಜಗಳವಾಗಬೇಕು. ಆದರೆ ಅಮೆರಿಕದ ನಗರಗಳಲ್ಲಿ ಹುಟ್ಟಿ ಇಂದು ಹಲವು ದೇಶಗಳಿಗೆ ಹಬ್ಬಿರುವ ಒಂದು ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬೈಸಿಕೊಳ್ಳುವವನು ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಾನೆ. ಬೈಗುಳ ಸೊಗಸಾಗಿದ್ದರೆ ಕೆಲವೊಮ್ಮೆ ತಾನೂ ನಕ್ಕುಬಿಡುತ್ತಾನೆ. ತನ್ನ ಸರದಿ ಬಂದಾಗ ಬಡ್ಡಿ ಸಮೇತ ತೀರಿಸುತ್ತಾನೆ. ಇದಕ್ಕೆ ‘ರ‍್ಯಾಪ್ ಬ್ಯಾಟಲ್’ ಎಂದು ಹೆಸರು. ತಾಳಕ್ಕೆ ಕಟ್ಟಿದ ಪ್ರಾಸಬದ್ಧ ಮಾತಿನಲ್ಲಿ ಇಬ್ಬರು ಕಾದಾಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಸೋಲು ಗೆಲುವನ್ನು ನಿರ್ಧರಿಸುವುದು ನೆರೆದವರ ಕೂಗು ಮತ್ತು ನಗು.

ಈ ಸ್ಪರ್ಧೆಯಲ್ಲಿ ಹಾಸ್ಯದ ಸ್ಥಾನವೇನು, ನಿಂತ ನಿಲುವಿನಲ್ಲೇ ಪದ ಕಟ್ಟುವ ಕೌಶಲಕ್ಕೂ ಹಾಸ್ಯಕ್ಕೂ ಇರುವ ನಂಟೇನು, ಆ ನಗು ಗಾಯವಾಗಿ ಮಾರ್ಪಡುವುದು ಯಾವಾಗ ಎಂಬುದು ಇಂದಿನ ವಿಷಯ.

ಮಾತಿನ ಮಲ್ಲಯುದ್ಧ ಕನ್ನಡಿಗರಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಲಾವಣಿಯಲ್ಲಿ ಹರದೇಶಿ ಮೇಳದವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಮೇಳದವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಸವಾಲಿಗೆ ಜವಾಬು ಕೊಡುತ್ತಲೇ ಬೆಳಗಾಗುತ್ತದೆ. ತಾಳಮದ್ದಳೆಯ ಅರ್ಥಧಾರಿಗಳು ಪ್ರಸಂಗದ ಪದ್ಯವನ್ನು ಹಿಡಿದು ಆಶುವಾಗಿ ವಾದ ಹೂಡುತ್ತಾರೆ. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಕ್ಕೆಂದೇ ಒಬ್ಬ ಪೃಚ್ಛಕ ಕೂತಿರುತ್ತಾನೆ. ತಲೆಬುಡವಿಲ್ಲದ ಪ್ರಶ್ನೆ ಕೇಳಿ ಅವಧಾನಿಯ ಏಕಾಗ್ರತೆ ಕೆಡಿಸುವುದು ಅವನ ಕೆಲಸ. ನಗಿಸುವ ಉತ್ತರ ಕೊಟ್ಟು ಪಾರಾಗುವುದು ಅವಧಾನಿಯ ಕೆಲಸ.

ಇವಕ್ಕೂ ರ‍್ಯಾಪ್ ಬ್ಯಾಟಲಿಗೂ ನೇರ ಸಂಬಂಧವೇನೂ ಇಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಲಾವಣಿಕಾರರಿಗೆ ಶಿವ-ಶಕ್ತಿಯರ ಮರೆ ಇದೆ, ಅರ್ಥಧಾರಿಗಳಿಗೆ ಕೃಷ್ಣ-ಕರ್ಣರ ಮರೆ ಇದೆ. ಮಾತು ಎಷ್ಟೇ ಚುಚ್ಚಿದರೂ ಅದು ಪಾತ್ರಕ್ಕೆ ತಗಲಿತು ಎಂದು ಹೇಳಿಕೊಳ್ಳಬಹುದು. ರ‍್ಯಾಪ್ ಬ್ಯಾಟಲಿನಲ್ಲಿ ಅಂಥ ಮರೆಯಿಲ್ಲ. ಎದುರು ನಿಂತ ಮನುಷ್ಯನೇ ಅಲ್ಲಿ ವಾದದ ವಸ್ತು. ಹಾಗಾಗಿ ಅಲ್ಲಿ ನಗೆಯ ಹೊಣೆ ಹೆಚ್ಚು.

ಸುಳ್ಳಾಗಿದ್ದರೆ ಮಾತ್ರ ತಮಾಷೆ

ರ‍್ಯಾಪಿಗಿಂತ ಹಳೆಯದು ‘ಡಜನ್ಸ್’ ಎಂಬ ಆಟ. ಅಮೆರಿಕದ ಕಪ್ಪು ಜನರ ಕೇರಿಗಳಲ್ಲಿ ಹುಡುಗರು ಗುಂಪುಕಟ್ಟಿ ನಿಂತು, ಸರದಿಯ ಮೇಲೆ ಒಬ್ಬರನ್ನೊಬ್ಬರು, ಅದರಲ್ಲೂ ಒಬ್ಬರ ತಾಯಿಯನ್ನು ಇನ್ನೊಬ್ಬರು ಹಂಗಿಸುವ ಆಟವಿದು. ಸಿಟ್ಟಿಗೆದ್ದವನು ಸೋತಂತೆ. ಸುತ್ತ ನಿಂತವರ ನಗೆಯೇ ಅಂಕ. ಜಾನ್ ಡಾಲರ್ಡ್ ಎಂಬ ವಿದ್ವಾಂಸರು 1939ರಲ್ಲೇ ಈ ಆಟದ ಬಗ್ಗೆ ಬರೆದರು. ಮೇಲಿನವರ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟು ತಮ್ಮತಮ್ಮಲ್ಲೇ ಹರಿದುಹೋಗುವ ದಾರಿ ಇದು ಎಂಬುದು ಅವರ ವಿವರಣೆ.

ಇದಕ್ಕಿಂತ ಉಪಯುಕ್ತವಾದ ಸೂತ್ರವೊಂದನ್ನು ಕೊಟ್ಟವರು ಭಾಷಾವಿಜ್ಞಾನಿ ವಿಲಿಯಂ ಲೆಬೋವ್. 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಹುಡುಗರ ಮಾತುಕತೆಯನ್ನು ಅಭ್ಯಸಿಸಿದ ಅವರು, ತಮ್ಮ ತೀರ್ಮಾನಗಳನ್ನು 1972ರಲ್ಲಿ ಪ್ರಕಟಿಸಿದರು. ಆಟದ ಬೈಗುಳ ಎಲ್ಲರಿಗೂ ಗೊತ್ತಿರುವಂತೆ ಸುಳ್ಳಾಗಿರಬೇಕು ಎಂಬುದು ಅವರು ಕಂಡ ನಿಯಮ. ಕನ್ನಡದಲ್ಲೇ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ‘ನಿಮ್ಮ ಮನೆ ಎಷ್ಟು ಚಿಕ್ಕದು ಎಂದರೆ ಒಳಗೆ ಹೋದ ಇಲಿ ತಿರುಗಲು ಜಾಗವಿಲ್ಲದೆ ಹಿಂದುಹಿಂದಕ್ಕೇ ನಡೆದು ಹೊರಗೆ ಬರುತ್ತದೆ’ ಎಂದು ಒಬ್ಬ ಹೇಳಿದರೆ ಎಲ್ಲರೂ ನಗುತ್ತಾರೆ. ಇನ್ನೊಬ್ಬ ಅದಕ್ಕಿಂತ ದೊಡ್ಡ ಸುಳ್ಳಿನಿಂದ ಉತ್ತರಿಸುತ್ತಾನೆ. ‘ನಿಮ್ಮಪ್ಪ ಮೂರು ತಿಂಗಳಿಂದ ಬಾಡಿಗೆ ಕಟ್ಟಿಲ್ಲವಂತೆ’ ಎಂದರೆ, ಅದು ನಿಜವೂ ಆಗಿದ್ದರೆ, ಆಟ ಅಲ್ಲಿಗೆ ನಿಂತಿತು. ಕೇಳಿದವನು ಉತ್ತರ ಕೊಡುವ ಬದಲು ಸಮಜಾಯಿಷಿ ಕೊಡಲು ತೊಡಗುತ್ತಾನೆ, ಇಲ್ಲವೇ ಕೈ ಎತ್ತುತ್ತಾನೆ.

ಅತಿಶಯೋಕ್ತಿ ಬರಿಯ ಅಲಂಕಾರವಲ್ಲ, ಅದೊಂದು ರಕ್ಷಣೆ. ರ‍್ಯಾಪ್ ಬ್ಯಾಟಲ್ ಈ ಆಟದ ಮನೆಯಲ್ಲೇ ಬೆಳೆಯಿತು. ಆದರೆ ಬೆಳೆಯುತ್ತ ಆ ನಿಯಮವನ್ನು ಮುರಿಯಿತು.

ಹಾರ್ಲೆಮ್ ವರ್ಲ್ಡ್‌ನ ಒಂದು ರಾತ್ರಿ

ಹಿಪ್-ಹಾಪ್ ಸಂಸ್ಕೃತಿಯ ಹುಟ್ಟನ್ನು ಸಾಮಾನ್ಯವಾಗಿ 1973ರ ಆಗಸ್ಟ್ 11ಕ್ಕೆ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಪಾರ್ಟಿಗೆ ಕೊಂಡೊಯ್ಯುತ್ತಾರೆ. ಆಗ ಮೈಕ್ ಹಿಡಿದವನಿಗೆ ‘ಎಂಸಿ’ ಎಂಬ ಹೆಸರಿತ್ತು. ಅವನ ಕೆಲಸ ನಿರೂಪಕನದು. ಡಿಜೆಯನ್ನು ಹೊಗಳಬೇಕು, ಜನರನ್ನು ಕುಣಿಸಬೇಕು, ತಾನು ಒಂದು ಕೂಗಿದರೆ ಅವರು ಒಂದು ಕೂಗುವಂತೆ ಮಾಡಬೇಕು. ಆಗಲೂ ಪೈಪೋಟಿ ಇತ್ತು. ಆದರೆ ಯಾರು ಹೆಚ್ಚು ಜನರನ್ನು ರಂಜಿಸಿದರು ಎಂಬುದಷ್ಟೇ ಅದರ ಅಳತೆ.

ಈ ಕಲೆಯಲ್ಲಿ ನಿಪುಣನೆನಿಸಿದ್ದವನು ಬಿಝಿ ಬೀ. 1981ರ ಡಿಸೆಂಬರ್‌ನಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಆತ ಎಂದಿನಂತೆ ಜನರನ್ನು ನಗಿಸಿ, ಯಾರು ಬೇಕಾದರೂ ಬರಲಿ ಎಂಬ ಧಾಟಿಯಲ್ಲಿ ಜಂಬ ಕೊಚ್ಚಿದ. ಆಗ ಮೈಕ್ ಹಿಡಿದವನು ಟ್ರೆಚರಸ್ ತ್ರೀ ತಂಡದ ಕೂಲ್ ಮೋ ಡೀ. ಆತ ಜನರನ್ನು ಕುಣಿಸುವ ಗೋಜಿಗೆ ಹೋಗಲಿಲ್ಲ. ನೇರವಾಗಿ ಬಿಝಿ ಬೀಯ ಹೆಸರು ಹಿಡಿದು, ಆತನ ಪ್ರಾಸಗಳು ಎರವಲು, ಆತನ ಮಾತಿನಲ್ಲಿ ಸರಕಿಲ್ಲ ಎಂದು ಬಿಗಿಯಾದ ಪ್ರಾಸಗಳಲ್ಲೇ ಒಂದೊಂದಾಗಿ ಬಿಡಿಸಿಟ್ಟ. ಅಂದಿನ ಧ್ವನಿಸುರುಳಿ ಕೈಯಿಂದ ಕೈಗೆ ನಕಲಾಗುತ್ತ ನಗರವೆಲ್ಲ ತಿರುಗಿತು. ಬರಿಯ ರಂಜಕ ಬೇರೆ, ಪದಗಾರ ಬೇರೆ ಎಂಬ ಭೇದ ಅಂದಿನಿಂದ ಗಟ್ಟಿಯಾಯಿತು.

ಅಂದು ಹಾಸ್ಯ ಸೋತು ಕೌಶಲ ಗೆದ್ದಿತು ಎಂದು ಹೇಳುವುದುಂಟು. ಅದು ಅರ್ಧ ಸತ್ಯ. ಸೋತದ್ದು ಎಲ್ಲಿ ಬೇಕಾದರೂ, ಯಾರ ಮುಂದೆ ಬೇಕಾದರೂ ನಡೆಯುವ ಸಿದ್ಧ ಹಾಸ್ಯ. ಗೆದ್ದದ್ದು ಎದುರು ನಿಂತವನಿಗೆ ಮಾತ್ರ ಒಪ್ಪುವ, ಬೇರೊಬ್ಬನಿಗೆ ಹೊಂದದ ಮಾತು. ಮುಂದೆ ಬ್ಯಾಟಲಿನ ಹಾಸ್ಯವೆಲ್ಲ ಈ ಎರಡನೆಯ ದಾರಿಯನ್ನೇ ಹಿಡಿಯಿತು.

ಈ ದಾರಿಯಲ್ಲಿ ಹುಡುಗಿಯರೂ ಇದ್ದರು ಎಂಬುದನ್ನು ಮರೆಯಬಾರದು. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ವಸತಿಯ ರಾಕ್ಸಾನ್ ಶಾಂಟೆ 1984ರಲ್ಲಿ, ಹದಿನಾಲ್ಕು ವರ್ಷದವಳಿದ್ದಾಗ, ಯುಟಿಎಫ್‌ಓ ತಂಡದ ಹಾಡೊಂದಕ್ಕೆ ಉತ್ತರವಾಗಿ ಹಾಡಿದ ಪದಗಳು ಧ್ವನಿಮುದ್ರಣವಾಗಿ ಮನೆಮಾತಾದವು. ಮರುವರ್ಷ ನ್ಯೂ ಮ್ಯೂಸಿಕ್ ಸೆಮಿನಾರ್ ಎಂಬ ಸಮಾವೇಶದ ಸ್ಪರ್ಧೆಯಲ್ಲಿ ಆಕೆ ಅಂತಿಮ ಸುತ್ತಿಗೆ ಬಂದು ಅದೇ ಬಿಝಿ ಬೀಗೆ ಸೋತಳು. ಆ ತೀರ್ಪು ನ್ಯಾಯವಾದುದೇ ಎಂಬ ಚರ್ಚೆ ಮುಗಿದಿಲ್ಲ.

ಐದು ಸೆಕೆಂಡಿನ ಲೆಕ್ಕ

ಈಗ ಕೌಶಲದ ಮಾತು. ಎದುರಿಗಿದ್ದವರನ್ನು, ಎದುರಿಗಿದ್ದುದನ್ನು ನೋಡಿಕೊಂಡೇ ಪದ ಕಟ್ಟುವುದಕ್ಕೆ ‘ಫ್ರೀಸ್ಟೈಲ್’ ಎನ್ನುತ್ತಾರೆ. ಹಿಂದೆ ಈ ಪದಕ್ಕೆ ಬೇರೆ ಅರ್ಥವಿತ್ತು. 1980ರ ದಶಕದ ರ‍್ಯಾಪರ್‌ಗಳು ಯಾವುದೇ ನಿರ್ದಿಷ್ಟ ವಿಷಯವಿಲ್ಲದೆ ಬರೆದ ಪದಗಳಿಗೂ ಫ್ರೀಸ್ಟೈಲ್ ಎನ್ನುತ್ತಿದ್ದರು. ಆಶುವಾಗಿ ಕಟ್ಟುವುದು ಎಂಬ ಅರ್ಥ ಗಟ್ಟಿಯಾದದ್ದು ಆಮೇಲೆ.

ಕೆಲಸ ಎಷ್ಟು ಕಷ್ಟದ್ದು ಎಂದು ಲೆಕ್ಕ ಹಾಕಬಹುದು. ನಿಮಿಷಕ್ಕೆ 90 ಪೆಟ್ಟು ಬೀಳುವ ತಾಳವಿದೆ ಎಂದಿಟ್ಟುಕೊಳ್ಳಿ. ನಾಲ್ಕು ಪೆಟ್ಟಿಗೆ ಒಂದು ಸಾಲು. ಅಂದರೆ ಒಂದು ಸಾಲಿಗೆ ಎರಡೂ ಮುಕ್ಕಾಲು ಸೆಕೆಂಡಿಗಿಂತ ಕಡಿಮೆ. ಪ್ರಾಸ ಕೂಡಿದ ಎರಡು ಸಾಲಿಗೆ ಸುಮಾರು ಐದು ಸೆಕೆಂಡು. ಅಷ್ಟರಲ್ಲಿ ವಿಷಯ ಹುಡುಕಬೇಕು, ಪ್ರಾಸ ಹುಡುಕಬೇಕು, ತಾಳ ತಪ್ಪಬಾರದು, ಕೇಳಿದವರು ನಗಬೇಕು. ಆ ಎರಡು ಸಾಲನ್ನು ಬಾಯಿ ಹೇಳುತ್ತಿರುವಾಗಲೇ ತಲೆ ಮುಂದಿನ ಎರಡು ಸಾಲಿಗೆ ಹೋಗಿರಬೇಕು.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಸರಳವಾದದ್ದು. ಅವರು ಕೊನೆಯಿಂದ ಮೊದಲಿಗೆ ಬರುತ್ತಾರೆ. ಹಳಗನ್ನಡ, ನಡುಗನ್ನಡ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂರುತ್ತದೆ. ಇಂಗ್ಲಿಷ್ ರ‍್ಯಾಪಿನಲ್ಲಿ ಅದು ಹೆಚ್ಚಾಗಿ ಕೂರುವುದು ಸಾಲಿನ ತುದಿಯಲ್ಲಿ. ನಗೆಯ ಪೆಟ್ಟೂ ಅಲ್ಲೇ ಬೀಳಬೇಕು. ಆದ್ದರಿಂದ ಎದುರಾಳಿಯ ಟೋಪಿಯೋ ಬೂಟೋ ಕಣ್ಣಿಗೆ ಬಿದ್ದೊಡನೆ ಎರಡನೆಯ ಸಾಲಿನ ಕೊನೆಯ ಪದ ಮೊದಲು ಗೊತ್ತಾಗುತ್ತದೆ. ಅದಕ್ಕೆ ಪ್ರಾಸವಾಗುವ ಇನ್ನೊಂದು ಪದವನ್ನು ಮೊದಲ ಸಾಲಿನ ತುದಿಗೆ ಇಟ್ಟು, ಅಲ್ಲಿಯವರೆಗೆ ಸಾಮಾನ್ಯವಾದ ಮಾತು ತುಂಬುತ್ತಾರೆ. ಮೊದಲ ಸಾಲು ಸಪ್ಪೆಯಾಗಿ ಕೇಳುತ್ತದೆ. ಆ ಸಪ್ಪೆ ಸಾಲೇ ಯೋಚನೆಗೆ ಸಿಕ್ಕ ಬಿಡುವು, ಕೇಳುವವರಿಗೆ ಒಡ್ಡಿದ ಬಲೆ.

ಇಲ್ಲೊಂದು ಸ್ವಾರಸ್ಯವಿದೆ. ಮನೆಯಲ್ಲಿ ಕೂತು ಬರೆದ ಒಳ್ಳೆಯ ಹಾಸ್ಯಕ್ಕಿಂತ, ಎದುರಾಳಿಯ ಅಂಗಿಯ ಗುಂಡಿ ಕಿತ್ತುಹೋದದ್ದನ್ನು ನೋಡಿ ಆಗಲೇ ಹೇಳಿದ ಸಾಧಾರಣ ಹಾಸ್ಯಕ್ಕೆ ಹೆಚ್ಚು ನಗು ಸಿಗುತ್ತದೆ. ಜನ ಆ ಮಾತಿಗೆ ಮಾತ್ರ ನಗುವುದಿಲ್ಲ. ಅದು ತಮ್ಮ ಕಣ್ಣೆದುರೇ ಹುಟ್ಟಿತು ಎಂಬ ಬೆರಗಿಗೂ ನಗುತ್ತಾರೆ. ಆ ಹಾಸ್ಯವನ್ನು ಮರುದಿನ ಗೆಳೆಯನಿಗೆ ಹೇಳಿದರೆ ಅವನು ನಗಲಿಕ್ಕಿಲ್ಲ.

ಹೀಗಿರುವುದರಿಂದಲೇ ಮೋಸಕ್ಕೂ ಅವಕಾಶವಿದೆ. ಮೊದಲೇ ಹೊಸೆದಿಟ್ಟ ಸಾಲಿಗೆ ಎದುರಾಳಿಯ ಅಂಗಿಯ ಬಣ್ಣವನ್ನಷ್ಟೇ ಸೇರಿಸಿ ಆಶುವೆಂದು ತೋರಿಸಬಹುದು. ಆ ಅನುಮಾನಕ್ಕೆ ಅವಕಾಶ ಕೊಡದಂತೆ ಹಾಡಿ ಹೆಸರಾದವನು ಸೂಪರ್‌ನ್ಯಾಚುರಲ್ ಎಂಬ ರ‍್ಯಾಪರ್. ಸಭಿಕರು ಕೈಗೆ ಕೊಟ್ಟ ವಸ್ತುಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಅವುಗಳ ಮೇಲೇ ಪದ ಕಟ್ಟುತ್ತಿದ್ದ. 2006ರಲ್ಲಿ ಆತ ಒಂಬತ್ತು ಗಂಟೆಗೂ ಹೆಚ್ಚು ಕಾಲ ನಿಲ್ಲಿಸದೆ ಆಶುವಾಗಿ ಹಾಡಿ ದಾಖಲೆ ಮಾಡಿದ. ಇಂಥವನೂ 1994ರಲ್ಲಿ ಕ್ರೇಗ್ ಜಿ ಎಂಬಾತನ ಎದುರು ಸೋಲುಂಡ.

ವಿಜ್ಞಾನವೂ ಇತ್ತ ಕಣ್ಣು ಹಾಯಿಸಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 12 ಮಂದಿ ರ‍್ಯಾಪರ್‌ಗಳನ್ನು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಒಂದೇ ತಾಳಕ್ಕೆ ಒಮ್ಮೆ ಬಾಯಿಪಾಠದ ಪದ, ಇನ್ನೊಮ್ಮೆ ಆಶುಪದ ಹಾಡಿಸಿ ಹೋಲಿಸಿದರು. ಅಧ್ಯಯನ ಪ್ರಕಟವಾದದ್ದು 2012ರಲ್ಲಿ. ಆಶುವಾಗಿ ಹಾಡುವಾಗ ಮೆದುಳಿನ ಮುಂಭಾಗದ ನಡುವಣ ಪ್ರದೇಶ ಹೆಚ್ಚು ಚುರುಕಾಗಿತ್ತು. ತನ್ನ ಮಾತನ್ನು ತಾನೇ ಕಾವಲು ಕಾಯುವುದಕ್ಕೆ ಸಂಬಂಧಿಸಿದ ಪಕ್ಕದ ಪ್ರದೇಶದ ಚಟುವಟಿಕೆ ತಗ್ಗಿತ್ತು. ಒಳಗಿನ ಕಾವಲುಗಾರ ತುಸು ತೂಕಡಿಸಿದರೆ ಪದ ಸರಾಗವಾಗಿ ಬರುತ್ತದೆ ಎಂದು ಇದನ್ನು ಸ್ಥೂಲವಾಗಿ ಅರ್ಥ ಮಾಡಿಕೊಳ್ಳಬಹುದು. ಆದರೆ ಅದೇ ಕಾವಲುಗಾರ ಆಡಬಾರದ ಮಾತನ್ನು ತಡೆಯುವವನೂ ಹೌದಲ್ಲವೇ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ.

ತನ್ನ ಮೇಲೆ ತಾನೇ ನಗುವವನು

1990ರ ದಶಕದಲ್ಲಿ ಡೆಟ್ರಾಯಿಟ್ ನಗರದ ‘ಹಿಪ್ ಹಾಪ್ ಶಾಪ್’ ಎಂಬ ಬಟ್ಟೆ ಅಂಗಡಿಯಲ್ಲಿ ಶನಿವಾರಗಳಂದು ಬ್ಯಾಟಲ್ ನಡೆಯುತ್ತಿತ್ತು. ನಿರೂಪಕ ಪ್ರೂಫ್ ಎಂಬ ರ‍್ಯಾಪರ್. ಅಲ್ಲಿ ಪಳಗಿದವರಲ್ಲಿ ಒಬ್ಬ ಬಿಳಿಯ ಹುಡುಗ ಎಮಿನೆಮ್. ಆತ 1997ರಲ್ಲಿ ಸಿನ್ಸಿನಾಟಿಯ ಸ್ಕ್ರಿಬಲ್ ಜ್ಯಾಮ್‌ನಲ್ಲಿ ಎಂಸಿ ಜ್ಯೂಸ್‌ಗೆ ಸೋತ. ಅದೇ ವರ್ಷ ಲಾಸ್ ಏಂಜಲೀಸ್‌ನ ರ‍್ಯಾಪ್ ಒಲಿಂಪಿಕ್ಸ್‌ನಲ್ಲಿ ಅದರ್‌ವೈಸ್ ಎಂಬಾತನಿಗೆ ಸೋತು ಎರಡನೆಯವನಾದ. ಮುಂದೆ ಜಗತ್ಪ್ರಸಿದ್ಧನಾದವನೂ ಬ್ಯಾಟಲಿನ ಕಣದಲ್ಲಿ ಅಜೇಯನೇನಾಗಿರಲಿಲ್ಲ.

ಆತ ನಾಯಕನಾಗಿ ನಟಿಸಿದ ‘8 ಮೈಲ್’ ಚಿತ್ರ 2002ರಲ್ಲಿ ಬಂದಿತು. ಬ್ಯಾಟಲ್ ಎಂದರೇನೆಂದು ಹೊರಜಗತ್ತಿಗೆ ತಿಳಿಸಿದ್ದು ಹೆಚ್ಚಾಗಿ ಈ ಚಿತ್ರ. ಅದರ ಕೊನೆಯ ಸ್ಪರ್ಧೆಯಲ್ಲಿ ನಾಯಕ ಎದುರಾಳಿಯನ್ನು ಬೈಯುವ ಮೊದಲು ತನ್ನನ್ನೇ ಬೈದುಕೊಳ್ಳುತ್ತಾನೆ. ತಾನು ಬಡವ, ತಾಯಿಯ ಜೊತೆ ಟ್ರೇಲರ್ ಮನೆಯಲ್ಲಿದ್ದೇನೆ, ಪ್ರೇಯಸಿ ಮೋಸ ಮಾಡಿದಳು ಎಂದು ಎಲ್ಲವನ್ನೂ ತಾನೇ ಹೇಳಿ ಮುಗಿಸುತ್ತಾನೆ. ಆಮೇಲೆ ಎದುರಾಳಿಯ ಗುಟ್ಟು ಬಯಲಿಗೆಳೆಯುತ್ತಾನೆ: ಆತ ಓದಿದ್ದು ಖಾಸಗಿ ಶಾಲೆಯಲ್ಲಿ, ತಂದೆತಾಯಿಯರದು ಸುಖಸಂಸಾರ. ಎದುರಾಳಿಗೆ ಮಾತೇ ಹೊರಡುವುದಿಲ್ಲ. ನಿಜ ಹೇಳಿದರೆ ಆಟ ನಿಲ್ಲುತ್ತದೆ ಎಂದು ಲೆಬೋವ್ ಹೇಳಿದ್ದರು. ಚಿತ್ರದ ನಾಯಕ ಆ ನಿಜವನ್ನು ತಾನೇ ಮೊದಲು ಹೇಳಿ, ಎದುರಾಳಿಯ ಕೈಯ ಆಯುಧವನ್ನು ಕಿತ್ತುಕೊಳ್ಳುತ್ತಾನೆ.

ಇದು ಬರೀ ಸಿನಿಮಾದ ಮಾತಲ್ಲ. ಅದೇ 2002ರಲ್ಲಿ ಅಮೆರಿಕದ ಬಿಇಟಿ ವಾಹಿನಿಯ ‘ಫ್ರೀಸ್ಟೈಲ್ ಫ್ರೈಡೇ’ ಸ್ಪರ್ಧೆಯಲ್ಲಿ ಜಿನ್ ಎಂಬ ಚೀನೀ ಮೂಲದ ಯುವಕ ಏಳು ವಾರ ಸತತವಾಗಿ ಗೆದ್ದ. ಎದುರಾಳಿಗಳು ಅವನ ಜನಾಂಗವನ್ನು ಹಿಡಿದು ಹಂಗಿಸಿದರು. ಜಿನ್ ಅದನ್ನು ಅಲ್ಲಗಳೆಯಲಿಲ್ಲ, ಅಳುಮೋರೆ ಹಾಕಲಿಲ್ಲ. ಹೌದು, ತಾನು ಚೀನೀಯನೇ ಎಂದು ಒಪ್ಪಿಕೊಂಡು, ಆ ಸವಕಲು ಹಾಸ್ಯವನ್ನೇ ಹೇಳಿದವರತ್ತ ತಿರುಗಿಸಿದ. ಹಳಸಿದ ಹಾಸ್ಯ ಹೇಳಿದವನು ಎದುರಿನವನನ್ನು ಸರಿಯಾಗಿ ನೋಡಿಯೇ ಇಲ್ಲ ಎಂಬುದು ಸಭೆಗೆ ಗೊತ್ತಾಗಿಬಿಡುತ್ತದೆ. ಆ ಕಣದಲ್ಲಿ ಇದಕ್ಕಿಂತ ದೊಡ್ಡ ದೋಷವಿಲ್ಲ.

ಬರೆದು ತಂದ ಬಾಣಗಳು

2008ರ ಸುಮಾರಿಗೆ ಸ್ಪರ್ಧೆಯ ಸ್ವರೂಪವೇ ಬದಲಾಯಿತು. ಅಮೆರಿಕದಲ್ಲಿ ಗ್ರೈಂಡ್ ಟೈಮ್, ಕೆನಡಾದಲ್ಲಿ ಕಿಂಗ್ ಆಫ್ ದ ಡಾಟ್, ಬ್ರಿಟನ್ನಿನಲ್ಲಿ ಡೋಂಟ್ ಫ್ಲಾಪ್, ಮರುವರ್ಷ ನ್ಯೂಯಾರ್ಕಿನ ಅಲ್ಟಿಮೇಟ್ ರ‍್ಯಾಪ್ ಲೀಗ್ ಹುಟ್ಟಿಕೊಂಡವು. ಇಲ್ಲಿ ಹಿನ್ನೆಲೆ ತಾಳವಿಲ್ಲ. ಎದುರಾಳಿ ಯಾರೆಂದು ಮೊದಲೇ ಗೊತ್ತು. ಸಾಮಾನ್ಯವಾಗಿ ತಲಾ ಮೂರು ಸುತ್ತು. ಪದಗಳನ್ನು ಮನೆಯಲ್ಲೇ ಬರೆದು ಬಾಯಿಪಾಠ ಮಾಡಿ ಬರುತ್ತಾರೆ. ಯೂಟ್ಯೂಬ್ ಮೂಲಕ ಈ ಸ್ಪರ್ಧೆಗಳು ಮನೆಮನೆಗೂ ತಲುಪಿದವು. ಆ ಕ್ಷಣಕ್ಕೆ ನಕ್ಕು ಮರೆಯುತ್ತಿದ್ದ ಮಾತನ್ನು ಜನ ಹತ್ತು ಸಲ ನೋಡತೊಡಗಿದಾಗ, ಹತ್ತು ಸಲ ನೋಡಿದರೂ ಸವೆಯದಂಥ ಸಾಲು ಬೇಕಾಯಿತು.

ಶ್ಲೇಷೆ ಆಳವಾಯಿತು, ಪ್ರಾಸ ಬಿಗಿಯಾಯಿತು. ಜೊತೆಗೆ, ಎದುರಾಳಿಯ ಹಿನ್ನೆಲೆ ಕೆದಕಿ, ವಿಚ್ಛೇದನ, ಸಾಲ, ಮನೆಯವರ ಸಾವು ಯಾವುದನ್ನೂ ಬಿಡದೆ ಸರಕು ಹೊಂದಿಸುವ ಪರಿಪಾಠವೂ ಬೆಳೆಯಿತು. ಅಂಗಿಯ ಗುಂಡಿಯ ಬಗ್ಗೆ ಆಗಲೇ ಹೇಳಿದ ಮಾತಿಗೂ ವಾರಗಟ್ಟಲೆ ಹುಡುಕಿ ತಂದ ಮನೆಯ ಗುಟ್ಟಿಗೂ ಬಹಳ ಅಂತರವಿದೆ. ಮೊದಲನೆಯದು ಚುರುಕು, ಎರಡನೆಯದು ತನಿಖೆ.

ಆದರೂ ಆಶುಪದ ಸಾಯಲಿಲ್ಲ. ಎದುರಾಳಿ ಆಗಷ್ಟೇ ಹೇಳಿದ ಸಾಲಿಗೆ ತನ್ನ ಸುತ್ತಿನ ಆರಂಭದಲ್ಲಿ ಸ್ಥಳದಲ್ಲೇ ಉತ್ತರ ಕೊಡುವುದಕ್ಕೆ ‘ರಿಬಟಲ್’ ಎನ್ನುತ್ತಾರೆ. ಬಾಯಿಪಾಠ ಮರೆತು ಬಾಯಿ ಕಟ್ಟಿದರೆ ‘ಚೋಕ್’. ಬರೆದು ತಂದ ನೂರು ಸಾಲಿಗೆ ಸಿಗದ ಕೇಕೆ ಎರಡು ಸಾಲಿನ ರಿಬಟಲ್‌ಗೆ ಸಿಗುವುದುಂಟು. ಕೆನಡಾದ ಪ್ಯಾಟ್ ಸ್ಟೇ ಎಂಬಾತ ಹರಟೆ ಹೊಡೆಯುವ ಧಾಟಿಯಲ್ಲಿ ಎದುರಾಳಿಯನ್ನು ಛೇಡಿಸುತ್ತ ಸಭೆಯನ್ನು ತನ್ನ ಕಡೆಗೆ ಸೆಳೆಯುವುದರಲ್ಲಿ ಹೆಸರಾಗಿದ್ದ. 2022ರಲ್ಲಿ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಆತನ ಕೊಲೆಯಾದಾಗ, ಆತನನ್ನು ಕಣದಲ್ಲಿ ಎದುರಿಸಿದ್ದವರೂ ಕಂಬನಿ ಮಿಡಿದರು.

ಇಂಗ್ಲಿಷಿನಾಚೆಗೂ ಈ ಕಲೆ ಬೇರೂರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ 2005ರಲ್ಲಿ ಆರಂಭವಾದ ‘ಬಟಾಯಾ ದೆ ಲೋಸ್ ಗಾಯೋಸ್’, ಅಂದರೆ ಹುಂಜಗಳ ಕಾಳಗ, ಆಶುಪದಕ್ಕೇ ಮೀಸಲಾದದ್ದು. ಫಿಲಿಪ್ಪೀನ್ಸ್‌ನಲ್ಲಿ 2010ರಲ್ಲಿ ಆರಂಭವಾದ ಫ್ಲಿಪ್‌ಟಾಪ್ ಅಪಾರ ಜನಪ್ರಿಯತೆ ಗಳಿಸಿತು. ಆ ದೇಶದಲ್ಲಿ 1924ರಿಂದಲೇ ‘ಬಲಗ್ತಾಸನ್’ ಎಂಬ ಪದ್ಯವಾದದ ಪರಂಪರೆ ಇತ್ತು. ಹಳೆಯ ನೆಲದಲ್ಲಿ ಹೊಸ ಬೀಜ ಬೇಗ ಮೊಳೆಯಿತು ಎನ್ನಬೇಕು.

ಗೆರೆ ಎಲ್ಲಿದೆ?

ಈ ಕಣದಲ್ಲಿ ಹೆಣ್ಣನ್ನು, ಸಲಿಂಗಿಗಳನ್ನು, ಜನಾಂಗಗಳನ್ನು ಹೀಯಾಳಿಸಿ ಗಿಟ್ಟಿಸುವ ಅಗ್ಗದ ನಗುವಿಗೆ ಬರವಿಲ್ಲ. ಆಟ ಎಂಬ ಒಂದೇ ಮಾತಿನಿಂದ ಅದನ್ನೆಲ್ಲ ಮನ್ನಿಸಲಾಗದು. ಕೈ ಮಿಲಾಯಿಸಿದ ಪ್ರಸಂಗಗಳೂ ನಡೆದಿವೆ.

ಗೆರೆಯ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. 2024ರಲ್ಲಿ ಡ್ರೇಕ್ ಮತ್ತು ಕೆಂಡ್ರಿಕ್ ಲಾಮಾರ್ ಎಂಬ ಇಬ್ಬರು ಪ್ರಸಿದ್ಧ ರ‍್ಯಾಪರ್‌ಗಳ ನಡುವೆ ಹಾಡುಗಳ ಮೂಲಕ ಕಾಳಗ ನಡೆಯಿತು. ಲಾಮಾರ್‌ನ ಹಾಡಿನಲ್ಲಿದ್ದ ಗಂಭೀರ ಆರೋಪ ಮಾನಹಾನಿಕರ ಎಂದು ಡ್ರೇಕ್ ಮರುವರ್ಷ ಆ ಹಾಡನ್ನು ಹೊರತಂದ ಧ್ವನಿಮುದ್ರಣ ಕಂಪೆನಿಯ ಮೇಲೆ ದಾವೆ ಹೂಡಿದ. 2025ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಕಾವೇರಿದ ರ‍್ಯಾಪ್ ಕಾಳಗದ ಸಂದರ್ಭದಲ್ಲಿ ಆಡಿದ ಮಾತನ್ನು ವಿವೇಕವುಳ್ಳ ಕೇಳುಗ ವಾಸ್ತವಾಂಶ ಎಂದು ತೆಗೆದುಕೊಳ್ಳುವುದಿಲ್ಲ ಎಂಬುದು ತೀರ್ಪಿನ ಸಾರ. ಹಾರ್ಲೆಮ್‌ನ ಹುಡುಗರು ಪಾಲಿಸುತ್ತಿದ್ದ ನಿಯಮ ಅರ್ಧ ಶತಮಾನದ ಬಳಿಕ ನ್ಯಾಯಾಲಯದಲ್ಲಿ ಬೇರೊಂದು ರೂಪದಲ್ಲಿ ಕೇಳಿಬಂದಿತು.

ಆದರೆ ಕಾನೂನಿನ ಗೆರೆಯೊಂದೇ ಸಾಲದು. ಮುಖಾಮುಖಿ ಬ್ಯಾಟಲಿನಲ್ಲಿ ಮೂರು ಕಟ್ಟುಪಾಡುಗಳಿವೆ. ಬೈಯುವವನು ಮುಖ ತೋರಿಸಿ, ಹೆಸರು ಹೇಳಿ ಬೈಯಬೇಕು. ಬೈಸಿಕೊಳ್ಳುವವನು ತಾನಾಗಿ ಒಪ್ಪಿ ಬಂದಿರಬೇಕು. ಉತ್ತರ ಕೊಡಲು ಅವನಿಗೂ ಅಷ್ಟೇ ಹೊತ್ತು ಸಿಗಬೇಕು. ಈ ಮೂರೂ ಇದ್ದಾಗ ಕಟುವಾದ ಮಾತೂ ಆಟವಾಗಿ ಉಳಿಯಬಲ್ಲದು. ತರಗತಿಯಲ್ಲಿ ಒಬ್ಬ ಹುಡುಗನ ಬಡತನವನ್ನೋ ಬಣ್ಣವನ್ನೋ ಹಿಡಿದು ಎಲ್ಲರೂ ನಗುವಾಗ, ಸಾಮಾಜಿಕ ಜಾಲತಾಣದಲ್ಲಿ ಹೆಸರಿಲ್ಲದ ಸಾವಿರ ಮಂದಿ ಒಬ್ಬಳ ಮೇಲೆ ಮುಗಿಬೀಳುವಾಗ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಅಲ್ಲಿ ಆಡಿದ ಮಾತು ರ‍್ಯಾಪ್ ಬ್ಯಾಟಲಿನ ಮಾತಿಗಿಂತ ಸೌಮ್ಯವಾಗಿಯೇ ಇರಬಹುದು. ಆದರೆ ಅವರ ಸರದಿ ಎಂದೂ ಬರುವುದಿಲ್ಲ.